ಸಂತೋಷವೂ ಒಂದು ಸಾಧನೆ

ಸಂತೋಷವಾಗಿರಿ ಎಂದು ಹಾರೈಸುವುದು ಸುಲಭ. ಮದುವೆಯ ಚಪ್ಪರದಲ್ಲಿ, ಹಬ್ಬದ ಕಾಗದದಲ್ಲಿ, ರೈಲು ಹೊರಡುವ ಗಳಿಗೆಯಲ್ಲಿ ನಾವೆಲ್ಲರೂ ಈ ಮಾತನ್ನು ಆಡುತ್ತೇವೆ. ಆದರೆ ಅದನ್ನೇ ಯಾರಾದರೂ ಅಪ್ಪಣೆಯಾಗಿ ವಿಧಿಸಿದರೆ ಏನು ಮಾಡುವುದು? ಸತ್ಯವನ್ನು ನುಡಿ ಎಂದು ವಿಧಿಸಬಹುದು, ಕದಿಯಬೇಡ ಎಂದು ನಿಷೇಧಿಸಬಹುದು. ಅವು ಬಾಯಿಗೂ ಕೈಗೂ ಸಂಬಂಧಪಟ್ಟ ಸಂಗತಿಗಳು. ಸಂತೋಷವಾದರೋ ಮನಸ್ಸಿನೊಳಗಿನ ಹವೆ. ಬಾ ಎಂದು ಕರೆದ ಮಾತ್ರಕ್ಕೆ ಮಳೆ ಬರುವುದುಂಟೆ? ಆದರೂ ಕ್ರೈಸ್ತರ ಧರ್ಮಗ್ರಂಥದಲ್ಲಿ ಇಂಥದೊಂದು ಅಪ್ಪಣೆ ಇದೆ. ಅದು ನಡೆಸಲಾಗದ ಅಪ್ಪಣೆಯೋ, ಅಥವಾ ಅದರೊಳಗೆ ನಮಗೆ ತಿಳಿಯದ ಅರ್ಥವೇನಾದರೂ ಇದೆಯೋ ಎಂಬುದನ್ನು ತಮ್ಮೊಡನೆ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಈ ಅಪ್ಪಣೆ ಬರುವುದು ಸಂತ ಪೌಲನು ಫಿಲಿಪ್ಪಿ ಎಂಬ ಊರಿನ ಸಭೆಗೆ ಬರೆದ ಓಲೆಯಲ್ಲಿ. ಇಂದಿನ ಗ್ರೀಸ್ ದೇಶದ ಉತ್ತರಭಾಗದಲ್ಲಿ, ಕವಾಲಾ ಎಂಬ ರೇವುಪಟ್ಟಣದ ಸಮೀಪದಲ್ಲಿ ಆ ಊರಿನ ಅವಶೇಷಗಳನ್ನು ಈಗಲೂ ಕಾಣಬಹುದು. ಓಲೆ ಬಹು ಚಿಕ್ಕದು. 4 ಅಧ್ಯಾಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಅಷ್ಟರಲ್ಲಿಯೇ ಸಂತೋಷದ ಮಾತು ಮತ್ತೆ ಮತ್ತೆ ತಲೆಯೆತ್ತುತ್ತದೆ. ಕರ್ತನಲ್ಲಿ ಸದಾಕಾಲವೂ ಸಂತೋಷಪಡಬೇಕೆಂದು ಹೇಳಿದ ಪೌಲನು, ಕೇಳುವವರಿಗೆ ನಂಬಿಕೆಯಾಗಲಿಲ್ಲವೇನೋ ಎಂಬಂತೆ, ಮರುಕ್ಷಣವೇ ಅದನ್ನು ಇನ್ನೊಮ್ಮೆ ಹೇಳುತ್ತಾನೆ. ಹೀಗೆ ಬರೆದವನು ಆಗ ಎಲ್ಲಿದ್ದ? ಸೆರೆಮನೆಯಲ್ಲಿ. ಅದು ರೋಮಿನ ಸೆರೆಯೆಂದು ಪರಂಪರೆ ಹೇಳುತ್ತದೆ. ಎಫೆಸವೋ ಕೈಸರೈಯವೋ ಆಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಯಾವ ಊರಿನದಾದರೂ ಬೇಡಿ ಬೇಡಿಯೇ. ಮುಂದೆ ಕಾದಿರುವುದು ಬಿಡುಗಡೆಯೋ ಮರಣವೋ ಎಂಬುದು ಅವನಿಗೆ ಖಚಿತವಿರಲಿಲ್ಲ. ಆ ಎರಡನ್ನೂ ಎದುರಿಗಿಟ್ಟುಕೊಂಡೇ ಅವನು ಬರೆಯುತ್ತಾನೆ.

ಫಿಲಿಪ್ಪಿಯ ಜನಕ್ಕೆ ಇದು ಹೊಸ ಸಂಗತಿಯೇನಲ್ಲ. ಪೌಲನು ಮೊದಲ ಸಲ ಅವರ ಊರಿಗೆ ಬಂದಾಗ ನಡೆದ ಘಟನೆ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಅವನನ್ನೂ ಅವನ ಸಂಗಡಿಗ ಸೀಲನನ್ನೂ ಹಿಡಿದು, ಬಟ್ಟೆ ಹರಿದು, ಛಡಿಗಳಿಂದ ಹೊಡೆಸಿ, ಒಳಗಿನ ಕತ್ತಲೆಕೋಣೆಯಲ್ಲಿ ಕಾಲಿಗೆ ಕೋಳ ಹಾಕಿ ಇಟ್ಟರು. ನಡುರಾತ್ರಿಯಲ್ಲಿ ಅವರಿಬ್ಬರೂ ಪ್ರಾರ್ಥಿಸುತ್ತ ಹಾಡತೊಡಗಿದರು. ಇತರ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರಂತೆ. ಆಮೇಲೆ ಭೂಕಂಪವಾಯಿತು, ಬಾಗಿಲುಗಳು ತೆರೆದವು ಎಂದು ಕಥೆ ಮುಂದುವರಿಯುತ್ತದೆ. ನಾವು ಸಾಮಾನ್ಯವಾಗಿ ಭೂಕಂಪವನ್ನು ನೆನಪಿಡುತ್ತೇವೆ. ನನಗಾದರೋ ಅದಕ್ಕಿಂತ ಮುಂಚಿನ ಆ ಹಾಡೇ ದೊಡ್ಡದಾಗಿ ತೋರುತ್ತದೆ. ಬಾಗಿಲು ತೆರೆಯುವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಾಯ ಮಾಯ್ದ ಮೇಲೆ ಹಾಡಿದ ಹಾಡಲ್ಲ ಅದು. ಗಾಯವನ್ನು ತೊಳೆಯುವವರೂ ಇಲ್ಲದ ಹೊತ್ತಿನಲ್ಲಿ ಹಾಡಿದ್ದು. ತೊಳೆಯುವವನು ಅನಂತರ ಬಂದ. ಸೆರೆಯ ಅಧಿಕಾರಿಯೇ ಆ ರಾತ್ರಿ ಅವರ ಗಾಯಗಳನ್ನು ತೊಳೆದು, ಮನೆಗೆ ಕರೆದೊಯ್ದು ಊಟವಿಕ್ಕಿದ. ಮುಂದೊಂದು ದಿನ ಪೌಲನ ಓಲೆಯನ್ನು ಸಭೆಯಲ್ಲಿ ಓದುವಾಗ ಅವನೂ ಅಲ್ಲಿ ಕುಳಿತಿದ್ದನೋ ಏನೋ!

ಓಲೆಯಲ್ಲಿ ಪೌಲನು ಬಳಸಿದ ಗ್ರೀಕ್ ಶಬ್ದ 'ಖೈರೆತೆ'. ಸಂತೋಷಪಡಿರಿ ಎಂದು ಅದರ ಅರ್ಥ. ಆದರೆ ಅಂದಿನ ಗ್ರೀಕರು ಬೀದಿಯಲ್ಲಿ ಎದುರಾದಾಗ ಪರಸ್ಪರ ಹೇಳಿಕೊಳ್ಳುತ್ತಿದ್ದ ವಂದನೆಯ ಮಾತೂ ಅದೇ. ನಮ್ಮ 'ನಮಸ್ಕಾರ'ದಂತೆ ದಿನಕ್ಕೆ ಹತ್ತಾರು ಸಲ ಬಾಯಿಗೆ ಬಂದು ಸವೆದುಹೋದ ಮಾತು. ಅದನ್ನು ಪೌಲನು ಎತ್ತಿಕೊಂಡು, 'ಕರ್ತನಲ್ಲಿ' ಎಂಬ ಒಂದು ಪದವನ್ನು ಸೇರಿಸಿ ಅದಕ್ಕೆ ಹೊಸ ಭಾರವನ್ನು ಕೊಟ್ಟ. ಅದೇ ಭಾಷೆಯಲ್ಲಿ 'ಖರಾ' ಎಂದರೆ ಸಂತೋಷ, 'ಖಾರಿಸ್' ಎಂದರೆ ಕೃಪೆ. ಎರಡೂ ಒಂದೇ ಬೇರಿನ ಚಿಗುರುಗಳು. ಇದು ನಮಗೆ ಅಪರಿಚಿತವಾದ ಸಂಬಂಧವೇನೂ ಅಲ್ಲ. 'ಪ್ರಸನ್ನ' ಮತ್ತು 'ಪ್ರಸಾದ' ಎಂಬ ನಮ್ಮ ಮಾತುಗಳನ್ನು ನೋಡಿ. ತಿಳಿಯಾದ ನೀರನ್ನು, ತಿಳಿಯಾದ ಮನಸ್ಸನ್ನು ಪ್ರಸನ್ನ ಎನ್ನುತ್ತೇವೆ. ದೇವರಿಂದ ಕೈಗೆ ಬಂದದ್ದನ್ನು ಪ್ರಸಾದ ಎನ್ನುತ್ತೇವೆ. ಎರಡಕ್ಕೂ ಧಾತು ಒಂದೇ. ಕನ್ನಡ ಕಥೋಲಿಕರು ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಗೆ ಪರಮಪ್ರಸಾದ ಎಂದೇ ಹೆಸರು. ಕೊಟ್ಟವನನ್ನು ನೆನೆದು ಪಡೆದುಕೊಂಡಾಗ ಮನಸ್ಸು ತಿಳಿಯಾಗುತ್ತದೆ ಎಂಬ ಅನುಭವ ಗ್ರೀಕ್ ಭಾಷೆಗೂ ನಮ್ಮ ಭಾಷೆಗೂ ಹೇಗೋ ಗೊತ್ತಿತ್ತು.

ಆ ಓಲೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಸಂತೋಷಪಡಿರಿ ಎಂಬ ಆ ಪ್ರಸಿದ್ಧ ಮಾತು ಯಾವುದರ ಬೆನ್ನಿಗೆ ಬರುತ್ತದೆ ಬಲ್ಲಿರಾ? ಒಂದು ಜಗಳದ ಬೆನ್ನಿಗೆ. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರು, ಇಬ್ಬರೂ ಸಭೆಗಾಗಿ ದುಡಿದವರು, ಯಾವುದೋ ಕಾರಣಕ್ಕೆ ಮನಸ್ತಾಪ ಮಾಡಿಕೊಂಡಿದ್ದರು. ಒಂದಾಗಿರಿ ಎಂದು ಅವರನ್ನು ಬೇಡಿಕೊಂಡು, ಒಡನೆಯೇ ಪೌಲನು ಸಂತೋಷದ ಮಾತಿಗೆ ಬರುತ್ತಾನೆ. ಎಂದ ಮೇಲೆ ಆ ಸಂತೋಷ ಗುಹೆಯಲ್ಲಿ ಏಕಾಂತವಾಗಿ ಕುಳಿತವನ ಆನಂದವಲ್ಲ. ಮುನಿಸಿಕೊಂಡ ನೆರೆಯವಳ ಮನೆಯ ಬಾಗಿಲನ್ನು ಮೊದಲು ಹೋಗಿ ತಟ್ಟುವವರ ಸಂತೋಷ. ಎರಡನೆಯದು, ಕೊರತೆಯಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡಿದ್ದೇನೆ ಎಂದು ಅವನು ಹೇಳುವುದು. ಅದು ಹುಟ್ಟುಗುಣವೆಂದು ಅವನು ಹೇಳಲಿಲ್ಲ. ಕಲಿತದ್ದು ಎಂದ. ಕಲಿಯಬಹುದಾದದ್ದು ಎಂದ ಮೇಲೆ ಪಾಠ ಉಂಟು, ತಪ್ಪು ಉಂಟು, ದಿನದಿನದ ಅಭ್ಯಾಸ ಉಂಟು.

ಈ ಪಾಠವನ್ನು ನಾನು ನೋಡಿದ್ದು ಪುಸ್ತಕದಲ್ಲಲ್ಲ, ನಮ್ಮ ಅಡಿಗೆಮನೆಯಲ್ಲಿ. ಕರಾವಳಿಯ ಒಂದು ಪ್ರಾಟೆಸ್ಟಂಟ್ ಕುಟುಂಬ ನಮ್ಮದು. ಮನೆಮಾತು ತುಳುವಾದರೂ ಪ್ರಾರ್ಥನೆಯ ಭಾಷೆ ಕನ್ನಡ. ತಂದೆಯವರು ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಒಂದು ಮಳೆಗಾಲದಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಮೂರು ತಿಂಗಳು ನಮಗೆ ಎರಡು ಹೊತ್ತೂ ಕುಚ್ಚಲಕ್ಕಿಯ ಗಂಜಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಊಟಕ್ಕೆ ಮುಂಚೆ ಅಮ್ಮ ಎಂದಿನಂತೆಯೇ ಕೈಮುಗಿದು ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ನನಗಾಗ ಹದಿನಾರು ವರ್ಷ. ಒಂದು ರಾತ್ರಿ ತಡೆಯಲಾರದೆ, "ಯಾವುದಕ್ಕಮ್ಮ ಈ ಸ್ತೋತ್ರ? ಇದರಲ್ಲಿ ಏನಿದೆ?" ಎಂದೆ. ಅಮ್ಮ ಸಿಟ್ಟಾಗಲಿಲ್ಲ. ನನ್ನ ಬಟ್ಟಲಿನ ಮೇಲೆ ಕೈಯಿಟ್ಟು ನೋಡಿ, "ಬಿಸಿಯಿದೆಯಲ್ಲ ಮಗಾ, ಆರುವ ಮುಂಚೆ ಉಣ್ಣು" ಎಂದರು. ಅದು ಉತ್ತರವೇ ಅಲ್ಲವೆಂದು ನನಗೆ ಅಂದು ಅನಿಸಿತು.

ಮೂವತ್ತು ವರ್ಷಗಳ ಯುದ್ಧವೆಂದು ಚರಿತ್ರೆಯಲ್ಲಿ ಪ್ರಸಿದ್ಧವಾದ ಯುದ್ಧವೊಂದಿದೆ. 1618ರಿಂದ 1648ರವರೆಗೆ ಅದು ಜರ್ಮನಿಯನ್ನು ಸುಟ್ಟಿತು. ಸ್ಯಾಕ್ಸನಿಯ ಐಲೆನ್‌ಬುರ್ಗ್ ಎಂಬ ಪಟ್ಟಣದಲ್ಲಿ ಆಗ ಮಾರ್ಟಿನ್ ರಿಂಕಾರ್ಟ್ ಎಂಬ ಲೂಥರನ್ ಪಾದ್ರಿಯಿದ್ದ. ಕೋಟೆಗೋಡೆಯ ಊರಾದ್ದರಿಂದ ಸುತ್ತಲಿನ ಹಳ್ಳಿಗಳ ಜನ ಪ್ರಾಣಭಯದಿಂದ ಅಲ್ಲಿಗೆ ಬಂದು ತುಂಬಿಕೊಂಡರು. 1637ರಲ್ಲಿ ಪ್ಲೇಗು ಬಂತು. ಉಳಿದ ಪಾದ್ರಿಗಳು ಸತ್ತೋ ಊರು ಬಿಟ್ಟೋ ಹೋಗಿ, ರಿಂಕಾರ್ಟ್ ಒಬ್ಬನೇ ಉಳಿದ. ಆ ಒಂದು ವರ್ಷದಲ್ಲಿ ಅವನು 4,000ಕ್ಕೂ ಹೆಚ್ಚು ಶವಗಳಿಗೆ ಅಂತ್ಯವಿಧಿ ನಡೆಸಿದನೆಂದು ಹೇಳುತ್ತಾರೆ. ಅವುಗಳಲ್ಲೊಂದು ಅವನ ಹೆಂಡತಿಯದು. ಪ್ಲೇಗಿನ ಹಿಂದೆಯೇ ಕ್ಷಾಮ ಬಂತು.

ಈ ಮನುಷ್ಯ ಬರೆದ ಒಂದು ಕೃತಜ್ಞತಾಗೀತೆ ಇಂದಿಗೂ ಲೋಕದ ನಾನಾ ಭಾಷೆಗಳ ಕ್ರೈಸ್ತರ ಬಾಯಲ್ಲಿದೆ. 1647ರಲ್ಲಿ ಯೋಹಾನ್ ಕ್ರ್ಯೂಗರ್ ಎಂಬ ಸಂಗೀತಗಾರನ ಸಂಗ್ರಹದಲ್ಲಿ ಅದು ರಾಗದೊಡನೆ ಅಚ್ಚಾಯಿತು. ಪ್ಲೇಗು ಕಳೆದು, ಯುದ್ಧ ಮುಗಿದ ಸಂಭ್ರಮದಲ್ಲಿ ಅದನ್ನು ರಚಿಸಿದನೆಂದು ಜನ ನಂಬುವುದುಂಟು. ನಿಜಾಂಶ ಬೇರೆ. ಪ್ಲೇಗಿಗೂ ಮುಂಚಿನ ವರ್ಷಗಳಲ್ಲಿಯೇ ಅದು ಹುಟ್ಟಿತೆಂದು ಬಲ್ಲವರು ಹೇಳುತ್ತಾರೆ. ಅವನು ಅದಕ್ಕೆ ಕೊಟ್ಟ ಹೆಸರು 'ಊಟದ ಪುಟ್ಟ ಪ್ರಾರ್ಥನೆ' ಎಂದು. ಮನೆಯಲ್ಲಿ ಊಟದ ಮೇಜಿನ ಸುತ್ತ ಹೇಳುವ ನಾಲ್ಕು ಮಾತು, ಅಷ್ಟೆ.

ಈ ಸಂಗತಿ ತಿಳಿದಾಗ ನನಗೆ ಮೊದಲು ನಿರಾಶೆಯಾಯಿತು. ಸ್ಮಶಾನದ ನಡುವೆ ನಿಂತು ಬರೆದ ಗೀತೆ ಎಂಬ ಕಥೆಯೇ ಎಷ್ಟೋ ಭವ್ಯವಾಗಿತ್ತು! ಆದರೆ ಯೋಚಿಸಿದಷ್ಟೂ ನಿಜವೇ ದೊಡ್ಡದೆನಿಸತೊಡಗಿತು. ಪ್ಲೇಗಿನ ದಿನಗಳಲ್ಲಿ ಕುಳಿತು ಹೊಸ ಸ್ತೋತ್ರವನ್ನು ರಚಿಸಲು ಯಾರಿಗೆ ಸಾಧ್ಯ? ಆ ಹೊತ್ತಿಗೆ ನೆರವಾಗುವುದು ಮೊದಲೇ ನಾಲಗೆಗೆ ರೂಢಿಯಾದದ್ದು ಮಾತ್ರ. ಮಳೆ ಸುರಿಯುವಾಗ ಸೌದೆ ಒಣಗಿಸಲು ಹೊರಟರೆ ಆದೀತೆ? ಬಿಸಿಲಿರುವಾಗಲೇ ಒಣಗಿಸಿ ಅಟ್ಟಕ್ಕೆ ಏರಿಸಿರಬೇಕು. ನಮ್ಮಮ್ಮ ಗಂಜಿಯ ಬಟ್ಟಲಿನ ಮುಂದೆ ಹೇಳಿದ್ದು ಹಸಿವಿನ ದಿನಗಳಲ್ಲಿ ಕಲಿತ ಸ್ತೋತ್ರವಲ್ಲ. ಮೀನೂ ಅನ್ನವೂ ಇದ್ದ ಸಾವಿರ ದಿನಗಳಲ್ಲಿ ತಪ್ಪದೆ ಹೇಳಿ ಅಟ್ಟದ ಮೇಲಿಟ್ಟದ್ದು.

ಆದರೆ ಇಲ್ಲಿ ಒಂದು ಅಪಾಯವಿದೆ. ಅದನ್ನು ಹೇಳದೆ ಹೋದರೆ ನಾನು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಆ ಮಳೆಗಾಲ ಕಳೆದು ಎರಡು ವರ್ಷಕ್ಕೆ ನನ್ನ ತಂಗಿ, ಒಂಬತ್ತು ವರ್ಷದ ಹುಡುಗಿ, ಜ್ವರದಿಂದ ತೀರಿಕೊಂಡಳು. ಸಂತೈಸಲು ಬಂದ ಹಿರಿಯರೊಬ್ಬರು, ವಿಶ್ವಾಸಿಗಳು ಅಳಬಾರದು, ಮಗು ದೇವರ ಬಳಿ ಸೇರಿತೆಂದು ಸಂತೋಷಪಡಬೇಕು ಎಂದು ಅಮ್ಮನಿಗೆ ಉಪದೇಶಿಸಿದರು. ಅಮ್ಮ ಕಣ್ಣೊರೆಸಿಕೊಂಡರು. ಅವರು ಹೋದ ಮೇಲೆ ಒಳಕೋಣೆಯ ಬಾಗಿಲು ಹಾಕಿಕೊಂಡರು. ಅಂದಿನಿಂದ ಊಟದ ಹೊತ್ತಿಗೆ ಅಮ್ಮನ ಸ್ತೋತ್ರ ನಿಂತುಹೋಯಿತು. ನಾವು ಮೂವರೂ ತಲೆತಗ್ಗಿಸಿ, ಮಾತಿಲ್ಲದೆ ಉಣ್ಣುತ್ತಿದ್ದೆವು. ಬಹಳ ದಿನಗಳ ತರುವಾಯ ಒಂದು ರಾತ್ರಿ ಅಮ್ಮ ತಂದೆಯವರ ಕಡೆ ನೋಡಿ, "ನನ್ನಿಂದ ಆಗುವುದಿಲ್ಲ. ನನ್ನ ಬದಲು ನೀವು ಹೇಳಿ" ಎಂದರು. ತಂದೆಯವರು ಜನರೆದುರಿಗೆ ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವರಲ್ಲ. ಬಹಳ ಹೊತ್ತು ಸುಮ್ಮನಿದ್ದು, "ದೇವರೇ, ಅನ್ನ ಕೊಟ್ಟಿದ್ದೀ" ಎಂದರು. ಮುಂದಕ್ಕೆ ಮಾತು ಹೊರಡಲಿಲ್ಲ. ಅಮ್ಮ 'ಆಮೆನ್' ಎಂದರು. ಅಳುತ್ತಲೇ ಎಂದರು.

ಆ ಹಿರಿಯರ ಉಪದೇಶಕ್ಕೆ ಧರ್ಮಗ್ರಂಥದಲ್ಲಿ ಆಧಾರವಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರು ಸುರಿಸಿದನು. ದುಃಖಿಸುವವರನ್ನು ಧನ್ಯರೆಂದು ಕರೆದವನೂ ಆತನೇ. ಕೀರ್ತನೆಗಳ ಗ್ರಂಥವನ್ನು ತೆರೆದರೆ ಹೊಗಳಿಕೆಯ ಪಕ್ಕದಲ್ಲಿಯೇ ಎಷ್ಟು ಗೋಳು, ಎಷ್ಟು ದೂರು! ಸಂತೋಷದ ಓಲೆಯೆಂದು ಹೆಸರಾದ ಫಿಲಿಪ್ಪಿಯವರ ಓಲೆಯಲ್ಲಿಯೇ ಪೌಲನು ತನ್ನ ಸಹಾಯಕನಾದ ಎಪಫ್ರೊದೀತನ ಕಾಯಿಲೆಯ ವಿಷಯವನ್ನು ಬರೆಯುತ್ತಾನೆ. ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಒದಗುತ್ತಿತ್ತೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ಸಂತೋಷಪಡಿರಿ ಎಂದವನೇ ರೋಮಿನವರಿಗೆ ಬರೆಯುವಾಗ, ಅಳುವವರ ಸಂಗಡ ಅಳಬೇಕೆಂದ. ಎಂದ ಮೇಲೆ ಅವನು ಹೇಳುವ ಸಂತೋಷ ದುಃಖದ ಬಾಯಿಗೆ ತುರುಕುವ ಬಟ್ಟೆಯಲ್ಲ. ಇತರರ ಮೇಲೆ ಹೇರುವ ಕರ್ತವ್ಯವೂ ಅಲ್ಲ. ಸಂತೋಷವನ್ನು ನನಗಾಗಿ ನಾನು ಆರಿಸಿಕೊಳ್ಳಬಹುದೇ ಹೊರತು ಮಗುವನ್ನು ಕಳೆದುಕೊಂಡ ತಾಯಿಗಾಗಿ ನಾನು ಆರಿಸಲಾರೆ. ಅವಳ ನಾಲಗೆ ಸೋತಾಗ, ಅವಳ ಪಕ್ಕದಲ್ಲಿ ಕುಳಿತು, ಅವಳ ಪರವಾಗಿ ಎರಡು ಮಾತು ತೊದಲಬಹುದು. ಸಭೆ ಎಂಬುದು ಇರುವುದು ಅದಕ್ಕಾಗಿ ಎಂದು ನನ್ನ ನಂಬಿಕೆ.

ಹಾಗಾದರೆ ಆರಿಸಿಕೊಳ್ಳುವುದು ಎಂದರೇನು? ಗಲಾತ್ಯದವರಿಗೆ ಬರೆದ ಓಲೆಯಲ್ಲಿ ಪೌಲನು ಸಂತೋಷವನ್ನು ಆತ್ಮನ ಫಲಗಳಲ್ಲಿ ಎಣಿಸುತ್ತಾನೆ. ಪ್ರೀತಿಯ ಅನಂತರ ಎರಡನೆಯದು ಅದು. ಫಲ ಎಂಬ ಮಾತನ್ನು ತೋಟದವರು ಚೆನ್ನಾಗಿ ಬಲ್ಲರು. ತೆಂಗಿನ ಮರಕ್ಕೆ ಕಾಯಿ ಬಿಡು ಎಂದು ಯಾರೂ ಅಪ್ಪಣೆ ಮಾಡಲಾರರು; ಕಾಯನ್ನು ಕೈಯಿಂದ ಮಾಡಿ ಮರಕ್ಕೆ ಕಟ್ಟಲಾರರು. ಆದರೆ ಬುಡ ಬಿಡಿಸಿ, ಗೊಬ್ಬರ ಹಾಕಿ, ಬೇಸಗೆಯಲ್ಲಿ ನೀರೆರೆಯುವುದು ನಮ್ಮ ಕೈಯಲ್ಲಿದೆ. ಇಂದು ನೀರೆರೆಯುತ್ತೇನೆಯೋ ಇಲ್ಲವೋ ಎಂಬುದಷ್ಟೇ ಆಯ್ಕೆ. ಅದನ್ನು ದಿನವೂ ಮಾಡಬೇಕು. ಊಟದ ಮುಂದೆ ಒಂದು ಗಳಿಗೆ ತಡೆಯುವುದು, ಮುನಿದ ತಮ್ಮನಿಗೆ ನಾವೇ ಮೊದಲು ಕಾಗದ ಬರೆಯುವುದು, ಸಾವಿನ ಮನೆಗೆ ಹೋಗಿ ಉಪದೇಶ ಮಾಡದೆ ಕುಳಿತು ಬರುವುದು, ಇವೆಲ್ಲ ನೀರೆರೆಯುವ ಕೆಲಸಗಳೇ. ಫಲ ಕೊಡುವವನು ಬೇರೆ ಇದ್ದಾನೆ. ಅದು ತಡವಾಗಬಹುದು, ಕೆಲವು ವರ್ಷ ಬಾರದೆಯೂ ಇರಬಹುದು.

ಅಮ್ಮನ ಸ್ತೋತ್ರ ಮತ್ತೆ ಯಾವ ದಿನ ಪ್ರಾರಂಭವಾಯಿತೆಂಬುದು ನನಗೆ ನೆನಪಿಲ್ಲ. ಹೊಸ ಅಕ್ಕಿ ಬಂದ ಯಾವುದೋ ದಿನ ಇರಬೇಕು. ತಂದೆಯವರ ತೊದಲು ಮಾತು ಮುಗಿದಲ್ಲಿಂದ ಅವರು ಮುಂದುವರಿಸಿದ್ದು ಮಾತ್ರ ನೆನಪಿದೆ. ಸ್ತೋತ್ರದ ನಡುವೆ ತಂಗಿಯ ಹೆಸರನ್ನೂ ಸೇರಿಸಿ ಹೇಳಿದರು. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದರು. ಆ ಹೆಸರನ್ನು ಒಂದು ದಿನವೂ ಬಿಡಲಿಲ್ಲ, ಸ್ತೋತ್ರವನ್ನೂ ಬಿಡಲಿಲ್ಲ.

ಈಗ ಅಮ್ಮನೂ ಇಲ್ಲ, ತಂದೆಯವರೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ತಮ್ಮ ಮನೆಗಳಲ್ಲಿಯೂ ಊಟದ ವೇಳೆಯಾಗುತ್ತದೆ. ತಾವು ಯಾವ ದೇವರನ್ನು ನೆನೆಯುವಿರೋ, ಯಾರನ್ನೂ ನೆನೆಯದೆ ಇರುವಿರೋ ನಾನರಿಯೆ. ನಾನಂತೂ ಬಟ್ಟಲಿನ ಮೇಲೆ ಒಂದು ಗಳಿಗೆ ಕೈಯಿಟ್ಟು ನೋಡುತ್ತೇನೆ. ಬಿಸಿಯಿದ್ದರೆ, ಆರುವ ಮುಂಚೆ ಹೇಳಬೇಕಾದ ಮಾತೊಂದಿದೆ ಎಂದು ನೆನಪಾಗುತ್ತದೆ.