ಗುಡ್ಡ ಜಾರಿದ್ದೇಕೆ? – ಪುಸ್ತಕದ ಭೂಗೋಳ, ಮನೆಯ ಹಿಂದಿನ ಧರೆ

(ಪ್ರೌಢಶಾಲಾ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ಭೂಗೋಳ ಪುಸ್ತಕದಲ್ಲಿ ಭೂಫಲಕಗಳ ಪಾಠವಿದೆ. ಭಾರತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಷ್ಟು ಉತ್ತರಕ್ಕೆ ಸರಿಯುತ್ತ ಯುರೇಷ್ಯಾ ಫಲಕವನ್ನು ಒತ್ತುತ್ತಿದೆ. ಆ ಒತ್ತಡದಿಂದಲೇ ಹಿಮಾಲಯ ಮೇಲೆದ್ದಿತು. ಮಲೆನಾಡಿನ ಮಕ್ಕಳಿಗೆ ಇದು ದೂರದ ಕಥೆ ಎನಿಸಬಹುದು. ಆದರೆ ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಟ್ಟದ್ದು ನಮ್ಮ ಪಶ್ಚಿಮ ಅಂಚಿನಿಂದಲೇ. ಘಟ್ಟದ ಕಡಿದಾದ ಪಡುವಣ ಮುಖದ ಚರಿತ್ರೆ ಆ ಬಿರುಕಿನೊಡನೆ ಹೆಣೆದುಕೊಂಡಿದೆ.

ಫಲಕದ ಅಂಚಿನಿಂದ ದೂರವಿರುವ ದಖ್ಖನ್ ಪ್ರಸ್ಥಭೂಮಿ ನಡುಗದೆಂಬ ನಂಬಿಕೆಯೂ ಉಳಿದಿಲ್ಲ. 1967ರ ಡಿಸೆಂಬರ್ 11ರಂದು ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ನಡುಗಿದವು. ಕೊಯ್ನಾದಲ್ಲಿ ಅಣೆಕಟ್ಟೆಯ ಹಿಂದೆ ನಿಂತ ನೀರೇ ಕಂಪನವನ್ನು ಪ್ರಚೋದಿಸಿತೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಇಷ್ಟು ತಿಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. 2018ರ ಜುಲೈನಲ್ಲಿ ಕೊಡಗಿನಲ್ಲಿ ಲಘು ಕಂಪನವಾಯಿತು. ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಜಾರಿದವು. "ಭೂಕಂಪದಿಂದಾದದ್ದು, ನಾವೇನು ಮಾಡಲಾದೀತು?" ಎಂಬ ಮಾತು ಆಗ ಬಹಳ ಕೇಳಿಬಂತು. ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಬೆಟ್ಟು ಮಾಡಿದ್ದು ಅತಿಯಾದ ಮಳೆಯನ್ನು ಮತ್ತು ಇಳಿಜಾರನ್ನು ಕಡಿದ ಮನುಷ್ಯನ ಕೈಯನ್ನು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದು ಜೀವಗಳನ್ನು ಬಲಿ ಪಡೆದದ್ದೂ ಹೆದ್ದಾರಿಗಾಗಿ ಕಡಿದ ಗುಡ್ಡವೇ.

ಇದರ ಹಿಂದಿನ ಕ್ರಿಯೆ ಸರಳವಾದುದು. ನಮ್ಮ ಅನೇಕ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಶೇಡಿಮಣ್ಣು, ತಳದಲ್ಲಿ ಬಂಡೆ. ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿಮಣ್ಣು ನೀರು ಕುಡಿದೊಡನೆ ಬಲ ಕಳೆದುಕೊಳ್ಳುತ್ತದೆ. ದಿನಗಟ್ಟಲೆ ಸುರಿದ ಮಳೆ ಮಣ್ಣಿನ ಭಾರವನ್ನು ಹೆಚ್ಚಿಸುತ್ತದೆ, ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಬುಡದಲ್ಲಿ ಜೆಸಿಬಿಯಿಂದ ಧರೆ ಕಡಿದಿದ್ದರೆ, ನೀರು ಹರಿಯುವ ಹಳ್ಳವನ್ನು ಮುಚ್ಚಿದ್ದರೆ, ಗುಡ್ಡಕ್ಕೆ ಆಸರೆಯೆಲ್ಲಿ?

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ. ಇಂಗುಗುಂಡಿ ತೋಡಿರೆಂದು ಹತ್ತಾರು ಊರುಗಳಲ್ಲಿ ಕರೆ ಕೊಟ್ಟವನು ನಾನು. ಬಯಲಿಗೆ ಹಿತವಾದದ್ದು ಕಡಿದಾದ ಇಳಿಜಾರಿಗೆ ಅಪಾಯವಾದೀತೆಂದು ಆಗ ಒತ್ತಿ ಹೇಳಲಿಲ್ಲ. ಇಂದು ಹೇಳುತ್ತಿದ್ದೇನೆ: ಶೇಡಿಮಣ್ಣಿನ ಕಡಿದಾದ ಗುಡ್ಡದಲ್ಲಿ ನೀರನ್ನು ನಿಲ್ಲಿಸಬೇಡಿ, ಸುರಕ್ಷಿತವಾಗಿ ಕೆಳಗೆ ಹರಿಯಬಿಡಿ.

ಗುಡ್ಡ ಹಲವು ಬಾರಿ ಮುನ್ಸೂಚನೆ ಕೊಡುತ್ತದೆ. ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ, ಗೋಡೆಯಲ್ಲಿ ಸೀಳು, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ನಿಂತುಹೋದ ಒರತೆ – ಇವುಗಳಲ್ಲಿ ಒಂದನ್ನು ಕಂಡರೂ ಮಳೆಯ ರಾತ್ರಿಯನ್ನು ಆ ಮನೆಯಲ್ಲಿ ಕಳೆಯಬೇಡಿ.

ವಿದ್ಯಾರ್ಥಿಗಳೇ, ಫಲಕಗಳ ನಕ್ಷೆಯನ್ನು ಪರೀಕ್ಷೆಗಾಗಿ ಬಿಡಿಸಿರಿ. ಜೊತೆಗೆ ನಿಮ್ಮ ಊರಿನ ನಕ್ಷೆಯನ್ನೂ ಬಿಡಿಸಿರಿ. ಕಡಿದ ಧರೆಗಳು, ಮುಚ್ಚಿದ ಹಳ್ಳಗಳು, ಒರತೆಗಳು, ಅವುಗಳ ಕೆಳಗಿನ ಮನೆಗಳು ಅದರಲ್ಲಿರಲಿ. ಹಿಂದೆ ಎಲ್ಲಿ ಜರಿದಿತ್ತೆಂದು ಅಜ್ಜ-ಅಜ್ಜಿಯರನ್ನು ಕೇಳಿ ಗುರುತಿಸಿರಿ. ಮುಂದಿನ ಮಳೆಗಾಲಕ್ಕೆ ಮುನ್ನ ಅದನ್ನು ಗ್ರಾಮಸಭೆಯ ಮುಂದಿಡಿರಿ. ಫಲಕವನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಧರೆ ಕಡಿಯುವ ಯಂತ್ರವನ್ನು ತಡೆಯುವ ಶಕ್ತಿ ಊರಿಗಿದೆ.