ಶೀಘ್ರಸ್ಮೃತಿಯಲ್ಲಿ ಸ್ಥಳ ಹಾಗೂ ಶಕ್ತಿಗಳ ಮಿತವ್ಯಯ



ಓಲೆಗರಿಯ ಮೇಲೆ ಗ್ರಂಥವನ್ನು ಬರೆಯುವ ಲಿಪಿಕಾರನಿಗೆ ಮೂರು ಚಿಂತೆಗಳುಂಟು. ಅಕ್ಷರವನ್ನು ಕಿರಿದುಮಾಡಿದರೆ ಗರಿಗಳು ಉಳಿಯುವುವು, ಆದರೆ ಓದುವವನು ತಡವರಿಸುವನು. ಹಿರಿದುಮಾಡಿದರೆ ಓದು ಸರಾಗ, ಆದರೆ ಕಟ್ಟು ಭಾರ. ಕಂಠವನ್ನು ಹಗುರವಾಗಿ ಎಳೆದರೆ ಕೈಗೆ ಶ್ರಮವಿಲ್ಲ, ಆದರೆ ಗೆರೆ ಮೂಡದು. ಗಣಕಯಂತ್ರದ ಸ್ಮೃತಿಚಿಪ್ಪನ್ನು ರಚಿಸುವವರಿಗೂ ಇಂತಹವೇ ಮೂರು ಚಿಂತೆಗಳಿರುವುವು: ಸ್ಥಳ, ವಿದ್ಯುಚ್ಛಕ್ತಿ, ವೇಗ. ಇವುಗಳಲ್ಲಿ ಎರಡನ್ನು ಪಡೆಯಬೇಕಾದರೆ ಮೂರನೆಯದನ್ನು ಬಿಡಲೇಬೇಕೆಂಬ ನಂಬುಗೆಯು ಬಹುಕಾಲ ನಡೆದುಬಂದಿತ್ತು. 1978ನೆಯ ಇಸವಿಯಲ್ಲಿ ಜಪಾನು ದೇಶದಲ್ಲಿ ಆ ನಂಬುಗೆ ಸಡಿಲಾದ ಬಗೆಯೇ ಇಂದಿನ ಉಪನ್ಯಾಸದ ವಿಷಯವಾಗಿರುವುದು.

ಮೊದಲು ಸ್ಮೃತಿಕೋಶವೆಂದರೇನೆಂಬುದನ್ನು ತಿಳಿಯತಕ್ಕದ್ದು. ಸೊನ್ನೆಯನ್ನು ಕೊಟ್ಟರೆ ಒಂದನ್ನೂ, ಒಂದನ್ನು ಕೊಟ್ಟರೆ ಸೊನ್ನೆಯನ್ನೂ ಹಿಂದಿರುಗಿಸುವ ಎರಡು ಚಿಕ್ಕ ಮಂಡಲಗಳನ್ನು ಎದುರುಬದುರಾಗಿ ಕಟ್ಟಿದರೆ ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುವುದು. ವಿದ್ಯುತ್ತು ಇರುವವರೆಗೆ ಆ ಸ್ಥಿತಿಯು ಅಳಿಯದು. ಇದೇ ಸ್ಥಿರಸ್ಮೃತಿ. ಅಲ್ಲಿಂದ ಅಂಕೆಯನ್ನು ಹೊರತೆಗೆಯಲು ಎರಡು ದ್ವಾರಗಳು ಬೇಕು. ದ್ವಾರಕ್ಕೆ ಒಂದೊಂದು, ಹಿಡಿತಕ್ಕೆ ನಾಲ್ಕು, ಒಟ್ಟು ಆರು ಟ್ರಾನ್ಸಿಸ್ಟರುಗಳು ಒಂದೇ ಒಂದು ಅಂಕೆಗಾಗಿ ವೆಚ್ಚವಾಗುವುವು. 4096 ಅಂಕೆಗಳ ಚಿಪ್ಪೆಂದರೆ 512 ಬೈಟುಗಳು. ಇಂದಿನ ಲಿಪಿಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟುಗಳನ್ನು ಬೇಡುವುದರಿಂದ, ಇಂತಹ ಚಿಪ್ಪಿನಲ್ಲಿ ನೂರೆಪ್ಪತ್ತು ಚಿಹ್ನೆಗಳು ಮಾತ್ರ ಹಿಡಿದಾವು. ಒಂದು ಓಲೆಯ ಬರಹಕ್ಕೂ ಅದು ಸಾಲುವುದು ಕಷ್ಟವೇ! ಅಷ್ಟಕ್ಕೇ ಹಲವು ಸಹಸ್ರ ಟ್ರಾನ್ಸಿಸ್ಟರುಗಳು ಬೇಕಾದವು. ಚಿಪ್ಪಿನ ವಿಸ್ತಾರ ಹೆಚ್ಚಿದಷ್ಟೂ ಅದರಲ್ಲಿ ದೋಷವೊಂದು ಸೇರಿ ಇಡೀ ಚಿಪ್ಪೇ ಕೆಡುವ ಸಂಭವವೂ ಹೆಚ್ಚುವುದಾದಕಾರಣ, ಸ್ಥಳದ ಉಳಿತಾಯವೆಂದರೆ ಧನದ ಉಳಿತಾಯವೇ ಸರಿ.

ಆ ಕಾಲದಲ್ಲಿ ಟ್ರಾನ್ಸಿಸ್ಟರುಗಳನ್ನು ಕಟ್ಟುವ ಪದ್ಧತಿಗಳು ಮುಖ್ಯವಾಗಿ ಎರಡಿದ್ದವು. ಎನ್-ಮಾಸ್ ಎಂಬ ಪದ್ಧತಿಯು ಶೀಘ್ರವಾದುದು, ಆದರೆ ಕೆಲಸವಿಲ್ಲದೆ ನಿಂತಾಗಲೂ ಅದರ ಮಂಡಲಗಳಲ್ಲಿ ಅರೆಪಾಲಿನಷ್ಟರಲ್ಲಿ ವಿದ್ಯುತ್ತು ಸೋರುತ್ತಲೇ ಇರುವುದು. 1963ರಲ್ಲಿ ಅಮೆರಿಕೆಯ ಫ್ರಾಂಕ್ ವಾನ್ಲಾಸ್ ಎಂಬಾತನು ತೋರಿಸಿದ ಸಿ-ಮಾಸ್ ಪದ್ಧತಿಯಲ್ಲಿ ಪರಸ್ಪರ ವಿರುದ್ಧ ಸ್ವಭಾವದ ಎರಡು ಟ್ರಾನ್ಸಿಸ್ಟರುಗಳು ಜೋಡಿಯಾಗಿರುವುವು. ಒಂದು ತೆರೆದಾಗ ಇನ್ನೊಂದು ಮುಚ್ಚಿರುವುದರಿಂದ ನಿಂತಲ್ಲಿ ವ್ಯಯವೇ ಇಲ್ಲವೆನ್ನಬಹುದು. ಆದರೆ ಅದು ಮಂದಗತಿಯದು. ಎರಡು ಸ್ವಭಾವಗಳನ್ನು ಬೇರ್ಪಡಿಸಲು ಹೆಚ್ಚು ಸ್ಥಳವೂ ಬೇಕಾಗುವುದು. ಗಡಿಯಾರಕ್ಕೆ ಅದು ಯೋಗ್ಯ, ಶೀಘ್ರಗಣನೆಗೆ ಅಯೋಗ್ಯ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯವಾಗಿದ್ದಿತು. ಅದು ಅಜ್ಞಾನದ ಮಾತಲ್ಲ. ಅಂದಿನ ಚಿಪ್ಪುಗಳು ಹಾಗೆಯೇ ಇದ್ದವು.

ಹಿಟಾಚಿ ಸಂಸ್ಥೆಯ ತೋಶಿಯಾಕಿ ಮಸುಹಾರಾ ಮತ್ತು ಅವರ ಸಂಗಡಿಗರು ಈ ಮಂದಗತಿಯ ಮೂಲವನ್ನು ವಿಚಾರಿಸಿದರು. ಹಿಂದೆ ಒಂದು ಬಗೆಯ ಟ್ರಾನ್ಸಿಸ್ಟರನ್ನು ಸಿಲಿಕಾನಿನ ನೆಲದಲ್ಲಿಯೇ ನಿಲ್ಲಿಸಿ, ಇನ್ನೊಂದಕ್ಕಾಗಿ ಅದೇ ನೆಲದಲ್ಲಿ ವಿರುದ್ಧಗುಣದ ಬಾವಿಯೊಂದನ್ನು ರಚಿಸುತ್ತಿದ್ದರು. ನೆಲದ ಗುಣವನ್ನು ಮೀರಿಸುವಷ್ಟು ಬೆರಕೆಯನ್ನು ಆ ಬಾವಿಗೆ ಸೇರಿಸಬೇಕಾದುದರಿಂದ ಅದರೊಳಗಿನ ಟ್ರಾನ್ಸಿಸ್ಟರು ಜಡವಾಗುತ್ತಿತ್ತು. ಇವರಾದರೋ ಎರಡಕ್ಕೂ ಪ್ರತ್ಯೇಕ ಬಾವಿಗಳನ್ನು ರಚಿಸಿ, ಅವವಕ್ಕೆ ತಕ್ಕ ಬೆರಕೆಯನ್ನು ಕೊಟ್ಟರು. ಎರಡೂ ಚುರುಕಾದವು.

ಇದಕ್ಕಿಂತಲೂ ಮೆಚ್ಚತಕ್ಕದ್ದು ಅವರ ವಿವೇಕ. ಮಿತವ್ಯಯಿಯಾದ ಸಿ-ಮಾಸನ್ನು ಅವರು ಚಿಪ್ಪಿನಲ್ಲೆಲ್ಲ ಹರಡಲಿಲ್ಲ. ಸಾವಿರಾರು ಕೋಶಗಳಿರುವ ನಡುವಣ ಪ್ರದೇಶದಲ್ಲಿ ಸ್ಥಳವೇ ಮುಖ್ಯವಾದುದರಿಂದ ಅಲ್ಲಿ ಎನ್-ಮಾಸನ್ನೇ ಉಳಿಸಿಕೊಂಡು, ಆರರ ಬದಲು ನಾಲ್ಕು ಟ್ರಾನ್ಸಿಸ್ಟರುಗಳನ್ನಿಟ್ಟು, ಮಿಕ್ಕೆರಡರ ಸ್ಥಾನದಲ್ಲಿ ಅತ್ಯಧಿಕ ರೋಧವುಳ್ಳ ಪಾಲಿಸಿಲಿಕಾನಿನ ಸಣ್ಣ ಪಟ್ಟಿಗಳನ್ನು ಹೂಡಿದರು. ಆ ರೋಧವು ಎಷ್ಟು ಹೆಚ್ಚೆಂದರೆ ಸೋರಿಕೆಯನ್ನು ತುಂಬುವಷ್ಟು ಮಾತ್ರ ವಿದ್ಯುತ್ತು ಹನಿಯುವುದು. ವಿಳಾಸವನ್ನು ಬಿಡಿಸುವ, ಅಂಕೆಯನ್ನು ಓದಿ ಹೊರಗೆ ಕಳುಹಿಸುವ ಸುತ್ತಣ ಮಂಡಲಗಳಿಗೆ ಮಾತ್ರ ಸಿ-ಮಾಸ್. ಹೀಗೆ ಹುಟ್ಟಿದ 4096 ಅಂಕೆಗಳ ಚಿಪ್ಪು ಇಂಟೆಲ್ ಸಂಸ್ಥೆಯ 2147 ಎಂಬ ಪ್ರಸಿದ್ಧ ಶೀಘ್ರಚಿಪ್ಪಿನೊಡನೆ ವೇಗದಲ್ಲಿ ಸರಿಸಮವಾಯಿತು: 55ರಿಂದ 70 ನ್ಯಾನೋ ಸೆಕೆಂಡುಗಳಲ್ಲಿ ಅಂಕೆ ಕೈಸೇರುತ್ತಿತ್ತು. ಆದರೆ ಇಂಟೆಲಿನದು 110 ಮಿಲಿ ಆಂಪಿಯರ್ ಬೇಡಿದರೆ ಇದಕ್ಕೆ 15 ಸಾಕಾಯಿತು. 5 ವೋಲ್ಟಿನಲ್ಲಿ ಲೆಕ್ಕ ಹಾಕಿದರೆ ಅದು 550 ಮಿಲಿವ್ಯಾಟು, ಇದು 75.

ವ್ಯಯದ ಮತ್ತೊಂದು ದಾರಿಯು ಆಮೇಲೆ ಮುಚ್ಚಿತು. ಕೋಶಗಳು ಸಾಲುಸಾಲಾಗಿರುವುದರಿಂದ ಒಂದನ್ನು ಓದಲು ಕರೆದರೆ ಆ ಸಾಲಿನ ಕೋಶಗಳೆಲ್ಲವೂ ಎಚ್ಚರಗೊಂಡು ವಿದ್ಯುತ್ತನ್ನು ಸೆಳೆಯುವುವು. 65,536 ಕೋಶಗಳನ್ನು 256 ಸಾಲುಗಳಾಗಿ ಹಂಚಿದರೆ, ಒಂದಕ್ಕಾಗಿ 255 ವ್ಯರ್ಥ. ಒಬ್ಬ ಅತಿಥಿಗಾಗಿ ಬೀದಿಯ ಮನೆಗಳೆಲ್ಲವೂ ದೀಪ ಹಚ್ಚಿದಂತೆ! 1983ರಲ್ಲಿ ಮಿತ್ಸುಬಿಷಿಯ ಯೋಶಿಮೊಟೊ ಮೊದಲಾದವರು ಆ ಸಾಲಿನ ತಂತಿಯನ್ನೇ ತುಂಡರಿಸಿ, ಬೇಕಾದ ತುಂಡಿನ ಕೋಶಗಳು ಮಾತ್ರ ಎಚ್ಚರಗೊಳ್ಳುವಂತೆ ಮಾಡಿದರು. ಪ್ರತಿಯೊಂದು ತುಂಡಿಗೂ ದ್ವಾರಮಂಡಲವೊಂದು ಬೇಕಾದುದರಿಂದ ಸ್ವಲ್ಪ ಸ್ಥಳ ಹೋಯಿತೆಂಬುದು ನಿಜ. ಆದರೆ ತಂತಿ ಗಿಡ್ಡವಾದುದರಿಂದ ವೇಗವೂ ಹೆಚ್ಚಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ತಿರುಗುಮುರುಗಾಗುವ ಮಂಡಲದಲ್ಲಿ ಶಕ್ತಿಯ ವ್ಯಯವು ವೋಲ್ಟೇಜಿನ ವರ್ಗಕ್ಕನುಸಾರವಾಗಿ ಇಳಿಯುವುದರಿಂದ, ಮುಂದಿನವರು 5 ವೋಲ್ಟನ್ನು 3ಕ್ಕೆ, ಆಮೇಲೆ 2ಕ್ಕೂ ಕೆಳಗೆ ಇಳಿಸುತ್ತ ಬಂದರು. ಅಷ್ಟು ಕಡಮೆ ಒತ್ತಡದಲ್ಲಿ ರೋಧದ ಪಟ್ಟಿಯ ಹನಿವಿದ್ಯುತ್ತು ಕೋಶವನ್ನು ಭದ್ರವಾಗಿ ಹಿಡಿಯಲಾರದೆ ಹೋಯಿತು. ಸ್ಥಳವನ್ನು ಉಳಿಸಿದ್ದ ಆ ನಾಲ್ಕು ಟ್ರಾನ್ಸಿಸ್ಟರುಗಳ ಕೋಶವು ಶಕ್ತಿಯ ಉಳಿತಾಯದಿಂದಲೇ ಹಿಂದೆ ಸರಿಯಿತು. ಇಂದಿನ ಗಣಕಗಳ ಮುಖ್ಯ ಚಿಪ್ಪಿನೊಳಗೆ ಅಡಗಿರುವ ಶೀಘ್ರಸ್ಮೃತಿಯಲ್ಲಿ ಬಹುಮಟ್ಟಿಗೆ ಕಾಣುವುದು ಆರು ಟ್ರಾನ್ಸಿಸ್ಟರುಗಳ ಪೂರ್ಣ ಸಿ-ಮಾಸ್ ಕೋಶವೇ. ಅದರ ಸಾಲುಗಳು ಮಾತ್ರ ಇಂದಿಗೂ ತುಂಡುತುಂಡಾಗಿಯೇ ಇರುವುವು.