ಹೆಗಲ ಮೇಲೆ ಕೂತವರು

(ಸಹಾಯನಿಧಿಗಾಗಿ ನಡೆದ ಕುಟುಂಬ ಸಂಜೆಯಲ್ಲಿ ಆಡಿದ ಮಾತುಗಳು)



ಪರೋಪಕಾರದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಗೀತೆ, ವಚನ ಬಲ್ಲವರು ಇಲ್ಲಿ ಬಹಳ ಮಂದಿ ಇದ್ದೀರಿ. ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಓದುವ ಚಟ ಇರುವುದು ಭೂತ, ಬೇತಾಳ, ಮಾಟಗಾರರ ಕಥೆಗಳದ್ದು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ.

ಕಾರಣ ಒಂದಿದೆ. ಇತ್ತೀಚಿನ ಸಮಿತಿ ಸಭೆಯಲ್ಲಿ ನಮ್ಮ ಹಿರಿಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ‘ಕೆಲಸ ಕಳೆದುಕೊಂಡವನಿಗೆ ಎಲ್ಲರೂ ಸೇರಿ ಟಿಕೆಟ್ ಮಾಡಿಸಿ ಕಳಿಸಿದೆವು. ಊರು ಮುಟ್ಟಿದೆ ಎಂದು ಒಂದು ಫೋನೂ ಮಾಡಲಿಲ್ಲ. ಇಂಥವರಿಗೆ ಯಾಕೆ ಮಾಡಬೇಕು ಹೇಳಿ?’ ಸಭೆ ಸುಮ್ಮನಾಯಿತು. ಮನೆಯಲ್ಲೇ ಕೂತು ಟೀಕೆ ಮಾಡುವವರು ಕೇಳಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಕೇಳಿದವರು ಆಸ್ಪತ್ರೆ, ಶವಾಗಾರ, ವಿಮಾನ ನಿಲ್ದಾಣ ಎಂದು ನಮ್ಮೆಲ್ಲರಿಗಿಂತ ಹೆಚ್ಚು ಓಡಾಡಿದವರು.

ಅಲ್ ಬುಸ್ತಾನ್ ಕಡೆ ಹೋಗುವಾಗ ರೌಂಡ್‌ಅಬೌಟ್ ನಡುವೆ ಒಂದು ಮರದ ಹಡಗು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ಹೆಸರು ‘ಸೋಹಾರ್’. ಸೂರ್ ಪಟ್ಟಣದಲ್ಲಿ, ಒಂದೇ ಒಂದು ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗು. 1980ರ ನವೆಂಬರಿನಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಅದರಲ್ಲಿ ಮಸ್ಕತ್ತಿನಿಂದ ಹೊರಟು 1981ರ ಜುಲೈಯಲ್ಲಿ ಚೀನಾದ ಕ್ಯಾಂಟನ್ ಮುಟ್ಟಿದ. ಸಿಂದಬಾದನ ದಾರಿಯನ್ನು ಹಿಡಿದು ಹೋದ ಪ್ರಯಾಣ ಅದು. ಸಿಂದಬಾದ್ ಸೋಹಾರಿನವನೆಂದು ಇಲ್ಲಿಯವರಿಗೆ ಹೆಮ್ಮೆ. ಕಥೆಯಲ್ಲಿ ಅವನು ಬಾಗ್ದಾದಿನ ವ್ಯಾಪಾರಿ.

ಅವನ ಐದನೇ ಯಾನದಲ್ಲಿ ಹಡಗು ಒಡೆದು ಒಂದು ದ್ವೀಪ ಸೇರುತ್ತಾನೆ. ಹಳ್ಳದ ಪಕ್ಕ ಒಬ್ಬ ಮುದುಕ. ಮಾತಿಲ್ಲ, ಕೈಸನ್ನೆ ಮಾತ್ರ: ನನ್ನನ್ನು ಎತ್ತಿಕೊಂಡು ದಾಟಿಸು. ಪಾಪ, ಪುಣ್ಯ ಬರುತ್ತದೆ ಎಂದುಕೊಂಡು ಸಿಂದಬಾದ್ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ದಾಟಿದ ಮೇಲೆ ಇಳಿ ಎಂದರೆ ಮುದುಕ ಇಳಿಯಲೊಲ್ಲ. ಎಮ್ಮೆ ಚರ್ಮದಂಥ ಕಾಲುಗಳನ್ನು ಕುತ್ತಿಗೆಗೆ ಬಿಗಿದು, ಒದ್ದು ಒದ್ದು, ಹಗಲು ರಾತ್ರಿ ಆ ಮರ ಈ ಮರ ಎಂದು ಸವಾರಿ ಮಾಡುತ್ತಾನೆ. ಕೊನೆಗೆ ಸಿಂದಬಾದ್ ಸೋರೆ ಬುರುಡೆಯಲ್ಲಿ ದ್ರಾಕ್ಷಿರಸ ಹುಳಿಬರಿಸಿ, ಮುದುಕನಿಗೆ ಕುಡಿಸಿ, ಅಮಲಿನಲ್ಲಿ ಕಾಲು ಸಡಿಲವಾದಾಗ ಕೆಳಗೆ ಕೆಡವಿ ಪಾರಾಗುತ್ತಾನೆ.

ನಮ್ಮ ಹಿರಿಯರ ಪ್ರಶ್ನೆಗೆ ಇದು ಉತ್ತರವಾಗುವ ಹಾಗೆ ಕಾಣುತ್ತದೆ. ನೋಡಿ, ಎತ್ತಿಕೊಂಡರೆ ಹೀಗೇ! ಸಿನಿಮಾ, ಕಾರ್ಟೂನುಗಳು ಬಹಳ ಸಲ ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಅದೇ ಐದನೇ ಯಾನ ಇಲ್ಲಿಗೆ ಮುಗಿಯುವುದಿಲ್ಲ. ಮುಂದೆ ಸಿಂದಬಾದ್ ಇನ್ನೊಂದು ಊರಿನಲ್ಲಿ ಹಡಗು ತಪ್ಪಿಸಿಕೊಂಡು, ಕೈಯಲ್ಲಿ ಕಾಸಿಲ್ಲದೆ ದಂಡೆಯಲ್ಲಿ ನಿಂತಿರುತ್ತಾನೆ. ಆ ಊರಿನವನೊಬ್ಬ ಅವನಿಗೆ ಒಂದು ಚೀಲ ಕೊಟ್ಟು, ದಂಡೆಯ ಕಲ್ಲು ತುಂಬಿಸಿಕೊಳ್ಳಲು ಹೇಳಿ, ಕೆಲಸಕ್ಕೆ ಹೊರಟ ಗುಂಪಿಗೆ ಸೇರಿಸುತ್ತಾನೆ: ಇವನು ಪರದೇಶಿ, ಇವನಿಗೂ ಕೆಲಸ ಕಲಿಸಿ. ಕೆಲಸ ಯಾವುದು ಗೊತ್ತೇ? ಮರದ ಮೇಲಿನ ಮಂಗಗಳಿಗೆ ಕಲ್ಲು ಹೊಡೆಯುವುದು. ಅವು ಸಿಟ್ಟಿನಿಂದ ತಿರುಗಿ ತೆಂಗಿನಕಾಯಿ ಎಸೆಯುತ್ತವೆ. ಆರಿಸಿಕೊಂಡು ಬಂದು ಮಾರುವುದು. ಕರಾವಳಿಯವರು ನಗುತ್ತಿದ್ದೀರಿ, ನಿಮ್ಮ ತೋಟಕ್ಕೂ ಈ ತಂತ್ರ ಬೇಕಾದೀತು.

ಮುದುಕನನ್ನು ಹೊತ್ತದ್ದೂ ಸಹಾಯ, ಚೀಲ ಕೊಟ್ಟದ್ದೂ ಸಹಾಯ. ನಮ್ಮಲ್ಲಿ ಬಹಳ ಜನ ಈ ದೇಶದಲ್ಲಿ ನೆಲೆ ನಿಂತದ್ದು ಇಂಥ ಒಂದು ಚೀಲದಿಂದ: ಯಾರೋ ಅಣ್ಣನ ಸ್ನೇಹಿತರು ರೂವಿಯ ತಮ್ಮ ರೂಮಿನಲ್ಲಿ ಹಾಸಿಗೆ ಕೊಟ್ಟರು, ಯಾರೋ ಬಯೋಡೇಟಾ ಒಯ್ದು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಅವರಿಗೆಲ್ಲ ನಾವು ವರ್ಷ ವರ್ಷ ಫೋನ್ ಮಾಡುತ್ತಿದ್ದೇವೆಯೇ?

ಹೆಗಲ ಮಾತು ಬಂದಾಗ ನಮ್ಮ ವಯಸ್ಸಿನವರಿಗೆ ‘ಚಂದಮಾಮ’ ನೆನಪಾಗದೆ ಇರುವುದಿಲ್ಲ. ಆ ಪತ್ರಿಕೆ ನಿಂತುಹೋಗಿ ವರ್ಷಗಳಾದವು. ಕತ್ತಿ ಹಿಡಿದು, ಹೆಣ ಹೊತ್ತು ನಡೆಯುವ ರಾಜನ ಚಿತ್ರ ಬರೆದ ಕಲಾವಿದ ಶಂಕರ್ ಅವರೂ 2020ರಲ್ಲಿ ತೀರಿಕೊಂಡರು. ಆ ರಾಜ ಯಾಕೆ ಸ್ಮಶಾನಕ್ಕೆ ಹೋದ ಎಂಬುದನ್ನು ನಾವು ಮರೆತಿರುತ್ತೇವೆ. ಒಬ್ಬ ಭಿಕ್ಷು ದಿನಾ ಒಂದು ಹಣ್ಣು ತಂದುಕೊಡುತ್ತಿದ್ದ, ಹಣ್ಣಿನೊಳಗೆ ರತ್ನ. ಆ ಋಣಕ್ಕೆ ಕಟ್ಟುಬಿದ್ದು ರಾಜ ಸಹಾಯಕ್ಕೆ ಒಪ್ಪಿದ. ಭಿಕ್ಷುವಿಗೆ ಬೇಕಾಗಿದ್ದದ್ದು ರಾಜನ ತಲೆಯೇ. ನಮ್ಮ ವೃತ್ತಿಯಲ್ಲಿ ಇದಕ್ಕೆ ಫಿಶಿಂಗ್ ಎನ್ನುತ್ತಾರೆ. ಮೊದಲು ಬಹುಮಾನ, ಆಮೇಲೆ ಓಟಿಪಿ. ಕೊನೆಗೆ ಈ ಸಂಚನ್ನು ತಿಳಿಸಿ ರಾಜನನ್ನು ಉಳಿಸಿದವನು ಹೆಗಲ ಮೇಲೆ ಕೂತು ತಲೆ ತಿಂದ ಬೇತಾಳ. ಸಿಂದಬಾದನ ಹೆಗಲ ಮೇಲಿದ್ದವನು ಕುತ್ತಿಗೆ ಹಿಸುಕಿದ, ಈ ರಾಜನ ಹೆಗಲ ಮೇಲಿದ್ದವನು ಜೀವ ಉಳಿಸಿದ. ಎತ್ತಿಕೊಳ್ಳುವಾಗ ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಬೇತಾಳ ಹೇಳುವ ಕಥೆಗಳಲ್ಲಿ ಜೀಮೂತವಾಹನನದೂ ಒಂದು. 11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಸಿಗುತ್ತದೆ. ಗರುಡನಿಗೆ ದಿನಕ್ಕೊಂದು ನಾಗ ಆಹಾರವಾಗಬೇಕು. ಆ ದಿನ ಶಂಖಚೂಡನ ಸರದಿ. ಅವನು ಕಡಲ ದಂಡೆಯ ಗೋಕರ್ಣನಾಥನಿಗೆ ಕೊನೆಯ ನಮಸ್ಕಾರ ಮಾಡಲು ಹೋದಾಗ ಜೀಮೂತವಾಹನ ಅವನ ಬದಲು ಬಂಡೆಯ ಮೇಲೆ ತಾನೇ ಹೋಗಿ ನಿಲ್ಲುತ್ತಾನೆ. ಗರುಡ ಅವನನ್ನು ಎತ್ತಿಕೊಂಡು ಹಾರುತ್ತಾನೆ. ಶಂಖಚೂಡ ಹಿಂತಿರುಗಿ ನೋಡಿ, ರಕ್ತದ ಜಾಡು ಹಿಡಿದು ಓಡುತ್ತಾನೆ: ಅವನನ್ನು ಬಿಡು, ನಾಗ ನಾನು! ಇಬ್ಬರಲ್ಲಿ ಯಾರು ದೊಡ್ಡವರು ಎಂದು ಬೇತಾಳ ಕೇಳುತ್ತದೆ. ನಾವಾದರೆ ಕೂಡಲೇ ಜೀಮೂತವಾಹನ ಎನ್ನುತ್ತೇವೆ. ರಾಜ ಶಂಖಚೂಡ ಎನ್ನುತ್ತಾನೆ. ಕೊಡುವುದು ಜೀಮೂತವಾಹನನಿಗೆ ಜನ್ಮಜನ್ಮಾಂತರದ ಅಭ್ಯಾಸ. ಬದುಕಿ ಉಳಿದವನು ಸಾವಿನ ಬೆನ್ನು ಹತ್ತಿ ಓಡಿದ್ದೇ ಹೆಚ್ಚಿನದು ಎಂಬುದು ಅವನ ವಾದ.

ಸಹಾಯ ಪಡೆಯುವವನಿಗೂ ಒಂದು ದೊಡ್ಡತನ ಇದೆ ಎಂದು ಒಪ್ಪಿದ ಕಥೆ ಇದು. ನಮ್ಮ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿವೇತನ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು, ಲಕೋಟೆ ಹಿಡಿಸಿ, ಫೋಟೋ ತೆಗೆದು ಸ್ಮರಣ ಸಂಚಿಕೆಯಲ್ಲಿ ಹಾಕುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಜಾಹೀರಾತು ಕೊಟ್ಟವರ ಫೋಟೋ ಎಷ್ಟು ಬೇಕಾದರೂ ಹಾಕೋಣ, ಅವರು ಬೇಡವೆನ್ನುವುದಿಲ್ಲ.

ನನ್ನ ಮಗಳು ಹ್ಯಾರಿ ಪಾಟರ್ ಭಕ್ತೆ. ಅದರಲ್ಲಿ ಹರ್ಮಾಯ್ನಿ ಎಂಬ ಹುಡುಗಿ ಮನೆಯಾಳು ಎಲ್ಫ್‌ಗಳನ್ನು ಬಿಡುಗಡೆ ಮಾಡಲು ಉಣ್ಣೆಯ ಟೋಪಿ ಹೆಣೆದು, ಕಸದ ಕೆಳಗೆ ಬಚ್ಚಿಡುತ್ತಾಳೆ. ಅವುಗಳಿಗೆ ಅವಮಾನವಾಗಿ ಆ ಕೋಣೆ ಗುಡಿಸುವುದನ್ನೇ ಬಿಡುತ್ತವೆ. ಡಾಬಿ ಎಂಬ ಒಬ್ಬನೇ ಎಲ್ಲವನ್ನೂ ಗುಡಿಸಿ, ಟೋಪಿಗಳನ್ನೆಲ್ಲ ಒಯ್ಯುತ್ತಾನೆ. ಅವಳ ಉದ್ದೇಶ ನ್ಯಾಯವಾದದ್ದೇ. ಏನು ಬೇಕು ಎಂದು ಕೇಳಿರಲಿಲ್ಲ, ಅಷ್ಟೇ. 2021ರ ಅಕ್ಟೋಬರಿನಲ್ಲಿ ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಯನ್ನು ಹೊಡೆದಾಗ ದೇಶದ ಬೇರೆ ಬೇರೆ ಕಡೆಯಿಂದ ಸ್ವಯಂಸೇವಕರು ಸಲಿಕೆ ಹಿಡಿದು ಸುವೈಕ್, ಖಾಬೂರಾಗಳಿಗೆ ಹೋಗಿ ಮನೆಗಳೊಳಗಿನ ಕೆಸರು ತೆಗೆದರು. ಅಲ್ಲಿ ಆಗ ಬೇಕಾಗಿದ್ದದ್ದು ಸಲಿಕೆ.

ಕೇಳುವುದರಲ್ಲೂ ರೀತಿ ಇದೆ. ಸಿಂದಬಾದನ ಕಥೆಯ ಚೌಕಟ್ಟು ನೆನಪಿಸಿಕೊಳ್ಳಿ. ಬಿಸಿಲಿನಲ್ಲಿ ಮೂಟೆ ಹೊತ್ತ ಒಬ್ಬ ಹಮಾಲಿ ಶ್ರೀಮಂತನ ಬಾಗಿಲಲ್ಲಿ ಕೂತು ತನ್ನ ಹಣೆಬರಹ ಹಳಿಯುತ್ತಾನೆ. ಅವನ ಹೆಸರೂ ಸಿಂದಬಾದ್. ಯಜಮಾನ ಒಳಗೆ ಕರೆದು, ಪಕ್ಕದಲ್ಲಿ ಕೂರಿಸಿ, ಊಟ ಹಾಕಿ ತನ್ನ ಕಷ್ಟದ ಕಥೆಯನ್ನು ತಾನು ಹೇಳುತ್ತಾನೆ. ನಿನಗೆ ಸಾಲ ಎಷ್ಟು, ಮಕ್ಕಳೆಷ್ಟು ಎಂಬ ವಿಚಾರಣೆ ಇಲ್ಲ. ಪ್ರತಿ ಕಥೆಯ ಕೊನೆಗೆ ನೂರು ಚಿನ್ನದ ನಾಣ್ಯ. ನಮ್ಮ ಸಹಾಯದ ಅರ್ಜಿಯಲ್ಲಿ ಮೂರು ಪುಟ ಇದೆ, ಕಷ್ಟ ವಿವರಿಸಲು ಒಂದು ಪುಟ ಪೂರ್ತಿ. ಖಾತೆಗೆ ದಾಖಲೆ ಬೇಕು, ಒಪ್ಪುತ್ತೇನೆ. ಆ ಒಂದು ಪುಟವನ್ನು ತೆಗೆಯಬಹುದು.

ಕೊನೆಯ ಕಥೆ ನಮ್ಮದೇ ಕನ್ನಡ ಅಜ್ಜಿಯರದ್ದು. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಈ ಕಥೆ 1997ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕಕ್ಕೆ ಹೆಸರನ್ನೂ ಕೊಟ್ಟಿತು. ಗಿರೀಶ ಕಾರ್ನಾಡರು ಇದನ್ನೇ 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದರು. ಬಡ ತಾಯಿಯ ಕಷ್ಟ ನೋಡಲಾರದೆ ಹುಡುಗಿ ಹೂವಿನ ಮರವಾಗುತ್ತಾಳೆ. ಒಂದು ಕೊಡ ನೀರು ಹೊಯ್ದರೆ ಮರ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಳ್ಳಬೇಕು. ಎರಡನೇ ಕೊಡ ಹೊಯ್ದರೆ ಮತ್ತೆ ಹುಡುಗಿ. ಅಕ್ಕ ಹಾಗೇ ಮಾಡುತ್ತಾಳೆ, ಏನೂ ಆಗುವುದಿಲ್ಲ. ಮದುವೆಯಾಗಿ ಅರಮನೆ ಸೇರಿದ ಮೇಲೆ ನಾದಿನಿ ಮತ್ತು ಗೆಳತಿಯರು ಅವಳನ್ನು ತೋಟಕ್ಕೆ ಒಯ್ದು ಮರ ಮಾಡಿಸಿ, ಕೊಂಬೆ ಮುರಿದು ಹೂ ಕಿತ್ತು, ಎರಡನೇ ಕೊಡವನ್ನು ಅರೆಬರೆ ಚೆಲ್ಲಿ ಓಡುತ್ತಾರೆ. ಕೈಕಾಲಿಲ್ಲದ ಅರ್ಧ ದೇಹವಾಗಿ ಅವಳು ಮೋರಿಯಲ್ಲಿ ಉಳಿಯುತ್ತಾಳೆ.

ಈ ಕಥೆ ಓದಿದಾಗಲೆಲ್ಲ ನನಗೆ ಆ ಸಮಿತಿ ಸಭೆಯೇ ಕಣ್ಣಿಗೆ ಬರುತ್ತದೆ. ನಮ್ಮ ಹಿರಿಯರು ಕೇಳಿದ್ದು ಟಿಕೆಟ್ ಪಡೆದು ಹೋದವನ ವಿಷಯ. ಆದರೆ ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಹೋಗುವವರು ಅವರೊಬ್ಬರೇ ಎಂದು ನಮಗೆಲ್ಲ ಗೊತ್ತು. ಫೋನ್ ಬಂದ ಕೂಡಲೇ ಅವರ ನಂಬರ್ ಕೊಟ್ಟು ಹಗುರಾಗುವವರು ನಾವು. ಊರಿಗೆ ಹೋದವನು ಧನ್ಯವಾದ ಹೇಳಲಿಲ್ಲ, ಸರಿ. ಇಲ್ಲೇ ಇರುವ ನಮ್ಮಲ್ಲಿ ಎಷ್ಟು ಮಂದಿ ಹೇಳಿದ್ದೇವೆ? ಮೊದಲ ಕೊಡ ಹೊಯ್ಯಲು ಊರಿಗೆ ಊರೇ ಇರುತ್ತದೆ.

ಹೊರಗೆ ಊಟದ ಮೇಜಿನ ಪಕ್ಕ ಒಂದು ಪಟ್ಟಿ ಇಟ್ಟಿದ್ದೇನೆ. ಆಸ್ಪತ್ರೆ ಮತ್ತು ವಿಮಾನ ನಿಲ್ದಾಣದ ಪಾಳಿ, ತಿಂಗಳಿಗೆ ಒಬ್ಬರಿಗೆ ಎರಡೇ ರಾತ್ರಿ. ಕಾರು ಇರುವವರು, ಅರಬ್ಬಿ ಮಾತಾಡಬಲ್ಲವರು ಹೆಸರಿನ ಮುಂದೆ ಗುರುತು ಹಾಕಿ. ಪೆನ್ನು ದಾರದಲ್ಲಿ ಕಟ್ಟಿದೆ, ದಯವಿಟ್ಟು ಒಯ್ಯಬೇಡಿ.